ಗಿರಿಜಾ ಕಲಿತ ಕೈ

ಕಾವೇರಿ, ಬಸು, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನಿಮ್ಮ ಈ ಅಜ್ಜಿಯಿಂದ ಆಗುವುದಿಲ್ಲ. ನಾಲ್ಕು ಮಂದಿ ಇದ್ದಲ್ಲಿ ನನ್ನ ಬಾಯಿಂದ ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹುನಗುಂದದ ಕಡೆಯ ಹಳ್ಳಿಯಲ್ಲಿ ಏಳನೇ ಇಯತ್ತೆಯವರೆಗೆ ಸಾಲಿ ಕಲಿತವಳು ನಾನು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಪೀಡೆ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಅಪ್ಪ ಕೈಯಲ್ಲಿನ ಲಿಂಗ ಬಿಟ್ಟು ಬೇರೆ ಯಾವುದಕ್ಕೂ ತಲೆಬಾಗಿದವರಲ್ಲ. ಸತ್ತವರು ಬಯಲಿನಲ್ಲಿ ಬಯಲಾಗುತ್ತಾರೆ, ತಿರುಗಿ ಬರಲು ಅವರಿಗೆ ಇಲ್ಲೇನು ಕೆಲಸ, ಎನ್ನುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಓಣಿಯಲ್ಲಿ ಯಾರಾದರೂ ತಾಯಿತ, ನಿವಾಳಿ ಎಂದರೆ ಸುಮ್ಮನೆ ಎದ್ದು ಬರುತ್ತಿದ್ದೆ. ಈಗ ನನ್ನ ನಂಬಿಕೆ ಬದಲಾಗಿದೆ ಎಂದೂ ಹೇಳಲಾರೆ. ಆದರೆ ನಡೆದದ್ದನ್ನು ನಡೆದಿಲ್ಲ ಎನ್ನುವುದು ಹೇಗೆ?

ಮೊನ್ನೆ ಊಟದ ಹೊತ್ತಿಗೆ ಕಾವೇರಿ, ನೀನು ಬಾಗಲಕೋಟೆಗೆ ಹೋಗಿ ಲ್ಯಾಬ್ ಕೆಲಸ ಕಲಿಯುತ್ತೇನೆ ಎಂದಾಗ ನಿಮ್ಮಪ್ಪ ತಾಟು ಬಿಟ್ಟು ಎದ್ದು ಹೋದ. ಅವನ ಮೇಲೆ ಸಿಟ್ಟಾಗಬೇಡ ಮಗಳೇ. ಪಡಸಾಲೆಯ ಗೋಡೆಯ ಮೇಲೆ ಬಿಳಿ ಕೋಟು ತೊಟ್ಟ ಹುಡುಗಿಯ ಫೋಟೋ ಇದೆಯಲ್ಲ, ನಿಮ್ಮ ಸೋದರತ್ತೆ ಗಿರಿಜಾ, ಅವಳೂ ಅದನ್ನೇ ಕಲಿಯಲು ಹೋಗಿದ್ದಳು. ಅವನ ಬೆನ್ನಿಗೆ ಬಿದ್ದ ಒಬ್ಬಳೇ ತಂಗಿ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಇಳಕಲ್ಲಿನ ನೇಕಾರರ ಮನೆಗಳಿಗೆ ಲಾಳಿಯ ಕಂಡಿಕಿಗೆ ನೂಲು ಸುತ್ತಿಕೊಟ್ಟು ಇಬ್ಬರನ್ನೂ ಬೆಳೆಸಿದೆ.

ಗಿರಿಜಾ ಹಾಸ್ಟೆಲಿನಲ್ಲಿದ್ದು ಕಲಿಯುತ್ತಿದ್ದಳು. ರವಿವಾರ ಬಸ್ಸಿಗೆ ಬಂದಳೆಂದರೆ ಮೊದಲು ಆ ಕೋಟು ನನ್ನ ಕೈಗೆ ಕೊಡುತ್ತಿದ್ದಳು. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಅದಕ್ಕೆ ಹಾಕುವ ನೇರಳೆ ಬಣ್ಣ ತೋಳಿಗೆಲ್ಲ ಹತ್ತಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮೊದಮೊದಲು ಬರೀ ನಳಿಕೆ ತೊಳೆಸಿದರಂತೆ. ಆಮೇಲೆ ಸೂಜಿ ಹಿಡಿಯಲು ಕಲಿಸಿದರು. ಅಲ್ಲಿ ಹುಡುಗಿಯರು ಒಬ್ಬರ ಕೈ ಒಬ್ಬರು ಚುಚ್ಚಿ ಕಲಿಯುತ್ತಿದ್ದರು. ಮನೆಯಲ್ಲಿ ಅವಳಿಗೆ ಸಿಕ್ಕದ್ದು ನನ್ನ ಎಡಗೈ.

ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಮೊಣಕೈಯಿಂದ ಅಂಗೈ ಹಿಂಬದಿಯವರೆಗೆ ತಟ್ಟುತ್ತಾ, ಒತ್ತುತ್ತಾ ಬರುತ್ತಿದ್ದಳು. “ಕಣ್ಣೀಲೆ ಹುಡುಕಬಾರ್ದವ್ವಾ, ಬೆರಳೀಲೆ ಹುಡುಕಬೇಕು. ನಿನ್ನ ನರಕ್ಕೂ ನಿನ್ನಂಗ ನಾಚಿಕಿ ನೋಡು, ಮಂದಿ ಬಂದ್ರ ಒಳಗ ಓಡ್ತಾವ” ಎಂದು ನಗುತ್ತಿದ್ದಳು. ಸಿಕ್ಕಮೇಲೆ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಒಣಗಲೆಂದು ಮೆಲ್ಲಗೆ ಉಫ್ ಎಂದು ಊದುತ್ತಿದ್ದಳು. ಇದೊಂದು ಕೆಟ್ಟ ರೂಢಿ ಅವಳಿಗೆ. ಬಾಯಿಯ ಗಾಳಿ ತಾಗಿದರೆ ಒರೆಸಿದ್ದು ವ್ಯರ್ಥ ಎಂದು ಕಲಿಸುವ ಟೀಚರು ದಿನವೂ ಬೈಯುತ್ತಿದ್ದರಂತೆ. “ಬಿಡಾಕ ಬರವಲ್ದವ್ವಾ. ಸಣ್ಣಾಕಿದ್ದಾಗ ಮೊಣಕಾಲ ಕೆತ್ತಿದ್ರ ನೀನ ಅಲ್ಲೇನು ಊದತಿದ್ದಾಕಿ?” ಎನ್ನುವಳು.

ಎದುರು ಮನೆಯ ಗೌರವ್ವ ಒಮ್ಮೆ ಕಟ್ಟೆಯ ಮೇಲಿಂದಲೇ, “ಲಗ್ನಕ್ಕ ಬಂದ ಹುಡಗಿಗೆ ಮಂದಿ ರಕ್ತಾ ಹೀರೂದು ಕಲಸಾಕತ್ತಿಯೇನ ಯವ್ವಾ?” ಎಂದಳು. ನಾನು ನಾಚಿ ಒಳಗೆ ಹೋದೆ. ಗಿರಿಜಾ ಮಾತ್ರ ಸಿರಿಂಜು ಹಿಡಿದುಕೊಂಡೇ ಹೊರಗೆ ಬಂದು, “ಬಾ ಚಿಗವ್ವಾ, ಮೊದಲ ನಿಂದ ತಗೀತೇನಿ. ಅದರಾಗ ಸಕ್ಕರಿ ಎಷ್ಟೈತಿ, ಖಾರ ಎಷ್ಟೈತಿ ನೋಡೂಣು” ಎಂದಳು. ಓಣಿಯೆಲ್ಲ ನಕ್ಕಿತ್ತು.

ಇನ್ನೇನು ಕಲಿಕೆ ಮುಗಿಯುತ್ತದೆ ಎನ್ನುವಾಗ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ಪರೀಕ್ಷೆ ಹತ್ತಿರ ಇದೆಯೆಂದು ಗುಳಿಗೆ ನುಂಗಿ ಹಾಸ್ಟೆಲಿನಲ್ಲೇ ಮಲಗಿದಳು. ದಿನವಿಡೀ ಮಂದಿಯ ರಕ್ತ ನೋಡುವವಳು ತನ್ನದನ್ನು ನೋಡಿಕೊಳ್ಳಲಿಲ್ಲ. ಸುದ್ದಿ ತಿಳಿದು ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ದವಾಖಾನೆಯಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಕೈ ಮುಟ್ಟಿ ನೋಡಿದೆ. ತಣ್ಣಗಾಗಿತ್ತು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ವರ್ಷಗಳು ಹೋದವು. ನಿಮ್ಮಪ್ಪನ ಲಗ್ನವಾಯಿತು, ಕಾವೇರಿ ಹುಟ್ಟಿದಳು, ಬಸು ಹುಟ್ಟಿದ. ಬಸು, ನೀನಿನ್ನೂ ತೊದಲು ಮಾತಾಡುವ ಕೂಸು, ನಿನಗೆ ಜ್ವರ ಬಂತು. ಕಣ್ಣು ತೆರೆಯಲಿಲ್ಲ, ನೀರು ಕುಡಿಯಲಿಲ್ಲ. ಇಳಕಲ್ಲಿನ ದವಾಖಾನೆಗೆ ಒಯ್ದೆವು. ಡಾಕ್ಟರು ನೋಡಿ, ಡೆಂಗಿ ಇದ್ದಂತಿದೆ, ರಕ್ತದ ವರದಿ ಬೇಗ ಬೇಕು, ಅದನ್ನು ನೋಡಿಯೇ ಮುಂದಿನ ಮಾತು ಎಂದರು. ಆ ಹೆಸರು ಕೇಳಿದ ಕೂಡಲೇ ನಿಮ್ಮಪ್ಪನ ಮುಖ ಬಿಳಿಚಿಕೊಂಡಿತು. ಬಾಗಲಕೋಟೆಗೆ ಒಯ್ಯಬೇಕಾದೀತೆಂದು ಅವನು ಗಾಡಿ ಗೊತ್ತುಮಾಡಲು ಓಡಿದ. ಸೂಜಿ ನೋಡಲಾರದೆ ನಿಮ್ಮವ್ವ ಬಾಗಿಲಾಚೆ ನಿಂತಳು. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಲ್ಯಾಬಿನ ಕೋಣೆಯಲ್ಲಿ ಕೂತೆ.

ರಕ್ತ ತೆಗೆಯಲು ಬಂದವಳು ಶೈಲಾ. ಬಾದಾಮಿಯ ಹುಡುಗಿ, ಗಿರಿಜಾಳ ಜೊತೆಗೇ ಕಲಿತವಳು. ರವಿವಾರ ಅವಳ ಜೊತೆ ನಮ್ಮ ಮನೆಗೆ ಬಂದು ರೊಟ್ಟಿ ಉಂಡವಳು. ಅವಳಿಗೆ ಇಲ್ಲಿ ಕೆಲಸ ಸಿಕ್ಕಿದ್ದು ನನಗೆ ಗೊತ್ತಿತ್ತು. ಪೇಟೆಯಲ್ಲಿ ಕಂಡರೆ ನಾನು ದಾರಿ ಬದಲಿಸುತ್ತಿದ್ದೆ. ಅವಳನ್ನು ನೋಡಿದರೆ ಪಕ್ಕದಲ್ಲಿ ಇನ್ನೊಬ್ಬಳು ಇರಬೇಕಿತ್ತು ಅನ್ನಿಸುತ್ತಿತ್ತು.

“ಅವ್ವಾರ, ಅಂಜಬ್ಯಾಡ್ರಿ” ಎಂದಳು. ಅವಳ ಕೈ ಒಳ್ಳೆಯದು, ಊರಿಗೇ ಗೊತ್ತು. ಆದರೆ ನಿನ್ನ ಮೈಯಲ್ಲಿ ನೀರೇ ಇರಲಿಲ್ಲ ಬಸು, ನರ ಬತ್ತಿಹೋಗಿದ್ದವು. ಬಲಗೈಗೆ ಚುಚ್ಚಿದಳು, ಬರಲಿಲ್ಲ. ಎಡ ಮೊಣಕೈಗೆ ಚುಚ್ಚಿದಳು, ಬರಲಿಲ್ಲ. ನಿನಗೆ ಅಳಲೂ ಶಕ್ತಿ ಇರಲಿಲ್ಲ. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ದನಿ ಹೊರಬರದಂತೆ ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡಿದ್ದೆ.

ಹಟ್ಟ ಹಗಲು. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಆಗ ನನ್ನ ಎಡ ತೋಳು ಬಿಗಿಯಿತು, ಪಟ್ಟಿ ಕಟ್ಟಿದಂತೆ. ಆ ಕೈ ನಿನ್ನ ಬೆನ್ನಿನ ಕೆಳಗಿತ್ತು. ಅದರ ಮೇಲೆ ಎರಡು ಬೆರಳು ತಟ್ಟುತ್ತಾ, ಒತ್ತುತ್ತಾ ಮೊಣಕೈಯಿಂದ ಕೆಳಗೆ ಇಳಿದವು. ನಿಧಾನವಾಗಿ, ಅವಸರವಿಲ್ಲದೆ. ನಾನು ತಿರುಗಿ ನೋಡಲಿಲ್ಲ. ಅಂಗೈ ಹಿಂಬದಿಗೆ ಬಂದು, ಕಿರುಬೆರಳಿನ ಬುಡಕ್ಕಿಂತ ಸ್ವಲ್ಪ ಮೇಲೆ ನಿಂತು, ಅಲ್ಲೇ ಒತ್ತಿ ಹಿಡಿದವು.

ನಾನು ಬಲಗೈ ಚಾಚಿ ನಿನ್ನ ಎಡಗೈ ಮೇಲೆ ಅದೇ ಜಾಗ ತೋರಿಸಿದೆ. ಮಾತಾಡಲಿಲ್ಲ, ಬಾಯಲ್ಲಿ ಸೆರಗಿತ್ತು. ಅಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಶೈಲಾ ಒಂದು ಗಳಿಗೆ ನನ್ನನ್ನೇ ನೋಡಿ, ಆ ಜಾಗವನ್ನು ಹತ್ತಿಯಿಂದ ಒರೆಸಿ ಸೂಜಿ ಎತ್ತಿದಳು. ಹಾಗೇ ತಡೆದು, ತಲೆ ಎತ್ತದೆ ಬೈದಳು:

“ಊದಬ್ಯಾಡ್ರಿ ಅವ್ವಾರ, ಒರಸೇನಿ.”

ನಾನು ಊದಿರಲಿಲ್ಲ. ಅವಳು ತಲೆ ಎತ್ತಿ ನನ್ನ ಬಾಯಿ ನೋಡಿದಳು. ಸೆರಗು ನೋಡಿದಳು. ಇನ್ನೊಮ್ಮೆ ಹತ್ತಿಯಿಂದ ಒರೆಸಿ, ಸೂಜಿ ಹಾಕಿದಳು. ರಕ್ತ ಬಂತು.

ವರದಿ ನೋಡಿ ಡಾಕ್ಟರು ಕೂಡಲೇ ಬಾಗಲಕೋಟೆಗೆ ಕಳಿಸಿದರು. ಸಂಜೆಯವರೆಗೆ ತಡ ಮಾಡಿದ್ದರೆ ಕೈ ಮೀರುತ್ತಿತ್ತು ಎಂದು ಅಲ್ಲಿನವರು ಹೇಳಿದರು. ನೀನು ಉಳಿದೆ.

ನಿಮ್ಮಪ್ಪನಿಗೆ ಒಮ್ಮೆ ಹೇಳಿದೆ. “ನಿದ್ದಿ ಇರಲಿಲ್ಲ ಬೇ ನಿನಗ. ಕೂಸಿನ ಭಾರಕ್ಕ ಕೈ ಜೋಮು ಹಿಡದಿರತೈತಿ” ಎಂದ. ಇದ್ದರೂ ಇರಬಹುದು. ಹಾಗಾದರೆ ಶೈಲಾ ಯಾಕೆ ಬೈದಳು? ಬಹಳ ದಿನದ ಮೇಲೆ ಧೈರ್ಯ ಮಾಡಿ ಅವಳನ್ನೇ ಕೇಳಿದೆ. “ನನಗ ಅದೊಂದು ಕೇಳಬ್ಯಾಡ್ರಿ ಅವ್ವಾರ. ನಾ ದಿನಾ ಮಂದಿ ಕೈ ಹಿಡೀಬೇಕು” ಎಂದು ಅತ್ತಳು. ನಾನು ಮತ್ತೆ ಕೇಳಲಿಲ್ಲ.

ಅಂದು ಬಂದವಳು ನನ್ನ ಮಗಳೇ ಆಗಿದ್ದರೆ ಒಂದು ಸಲ ಅವ್ವಾ ಅನ್ನಬಾರದಿತ್ತೇ? ಅಥವಾ ನಾನು ಗಿರಿಜಾ ಎಂದು ಕರೆಯಲಿ ಎಂದು ಕಾದಳೋ? ನನ್ನ ಕಣ್ಣು ಕೂಸಿನ ಮೇಲಿತ್ತು. ಅವಳಲ್ಲದಿದ್ದರೆ ಮತ್ತೆ ಯಾರು? ನಾನು ತಿಳಿಯದವಳು, ಇದಕ್ಕಿಂತ ಮುಂದೆ ನನ್ನ ಬುದ್ಧಿ ಓಡುವುದಿಲ್ಲ.

ಕಾವೇರಿ, ನೀನು ಹೋಗು, ಕಲಿ. ನಿಮ್ಮಪ್ಪನಿಗೆ ನಾನು ಹೇಳುತ್ತೇನೆ. ಜ್ವರ ಬಂದರೆ ಮಾತ್ರ ಆ ದಿನವೇ ಫೋನ್ ಮಾಡು. ಬಸು, ನೀನು ದೊಡ್ಡವನಾದ ಮೇಲೆ ಇದನ್ನು ಓದಿ ನಗು ಬಂದರೆ ನಗು. ಆದರೆ ಹಾಳೆಗಳನ್ನು ಹರಿಯಬೇಡಿ, ಇಬ್ಬರೂ ಕೂಡಿ ಜೋಪಾನವಾಗಿ ಇಟ್ಟುಕೊಳ್ಳಿ. ಅವಳ ಬಗ್ಗೆ ಈ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಹೋದ ಮೇಲೆ ಗಿರಿಜಾ ಎಂಬ ಹುಡುಗಿ ಇದ್ದಳು, ನಗುತ್ತಿದ್ದಳು ಎಂದು ಹೇಳಲು ಈ ಹಾಳೆಗಳಷ್ಟೇ ಇರುತ್ತವೆ.