ಲಿಲ್ಲಿಬಾಯಿಯ ಇಂಗ್ಲಿಷೂ ನನ್ನ ಕೆಂಪು ಪೆನ್ನೂ

ಮೊನ್ನೆ ಟಿವಿಯಲ್ಲಿ ವಿಧಾನಸಭೆಯ ಸುದ್ದಿ ಬರುತ್ತಿತ್ತು. ಯಾವುದೋ ಮಾತಿಗೆ ಸಿಟ್ಟಾಗಿ ಒಂದಷ್ಟು ಮಂದಿ ಎದ್ದು ಹೊರಗೆ ನಡೆದರು. ಪರದೆಯ ಕೆಳಗೆ ‘ವಾಕೌಟ್’ ಎಂದು ಬಂತು. ಅವರು ಯಾಕೆ ಎದ್ದರೋ ಗೊತ್ತಾಗಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ನಮ್ಮೂರು ಕಾಪುವಿನ ಲಿಲ್ಲಿಬಾಯಿಯ ಹುಂಜ.

ನಗಬೇಡಿ. ನಾನು ಕಲಿತ ಇಂಗ್ಲಿಷಿನಲ್ಲಿ ಆ ಹುಂಜಕ್ಕೂ ಪಾಲುಂಟು.

ಲಿಲ್ಲಿಬಾಯಿ ನಮ್ಮ ಪಕ್ಕದ ಮನೆಯವರು. ಗಂಡ ಆಗ ಬಹರೈನಿನಲ್ಲಿ, ಇವರು ಅತ್ತೆಯೊಂದಿಗೆ ಇಲ್ಲಿ. ಇವತ್ತಲ್ಲ ನಾಳೆ ವೀಸಾ ಬರುತ್ತದೆ, ಅಷ್ಟರೊಳಗೆ ನಾಲ್ಕು ಮಾತು ಇಂಗ್ಲಿಷ್ ಕಲಿಯಬೇಕು ಎಂದು ಹಟ. ನಾನು ಹೈಸ್ಕೂಲು ಹುಡುಗಿ, ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು, ಅದರ ಜಂಬ ಬೇರೆ. ಇಗರ್ಜಿಯ ಪಾದ್ರಿಗಳು ಓದಿ ಮುಗಿಸಿದ ಇಂಗ್ಲಿಷ್ ಪೇಪರು ಮರುದಿನ ಲಿಲ್ಲಿಬಾಯಿಯ ಮನೆಗೆ ಬರುತ್ತಿತ್ತು. ಸಂಜೆ ಅವರ ಜಗಲಿಯಲ್ಲಿ ಕುಳಿತು ಮೊದಲ ಪುಟದಿಂದ ಐದು ಪದ ಆರಿಸುತ್ತಿದ್ದೆವು. ದೆಹಲಿಯಲ್ಲಿ ಸರಕಾರಗಳು ಬೀಳುತ್ತಿದ್ದ ಕಾಲ, ಪದಗಳಿಗೆ ಬರವಿರಲಿಲ್ಲ. ನಿಯಮ ಒಂದೇ: ಪ್ರತಿ ಪದಕ್ಕೂ ಮನೆಯೊಳಗಿನ ಒಂದು ವಾಕ್ಯ. ಅವರು ಬರೆಯುವುದು, ನಾನು ಕೆಂಪು ಪೆನ್ನಿನಲ್ಲಿ ತಿದ್ದಿ, ದೊಡ್ಡ ಟೀಚರ ಗತ್ತಿನಲ್ಲಿ ತುಟಿ ಬಿಚ್ಚದೆ ನೋಟುಪುಸ್ತಕ ಹಿಂದಿರುಗಿಸುವುದು.

“ವಾಕೌಟ್ ಅಂದರೆ ಎಂತ?”

“ಸಿಟ್ಟಿನಲ್ಲಿ ಎದ್ದು ಹೋಗುವುದು, ಬಾಯಿ.”

ಗೆರಸೆಯ ಅಕ್ಕಿಗೆ ಕೊಕ್ಕು ಹಾಕಿ ಆಗಷ್ಟೇ ಬೈಸಿಕೊಂಡಿದ್ದ ಹುಂಜ ಕತ್ತು ಸೆಟೆಸಿಕೊಂಡು ಅಂಗಳಕ್ಕಿಳಿಯಿತು.

“ಹಾಗಾದರೆ ನಮ್ಮ ಹುಂಜ ವಾಕೌಟ್ ಮಾಡಿತು, ಅಲ್ವಾ?”

ಸಾರಿಗೆ ಹುಳಿ ಜಾಸ್ತಿಯಾದ ದಿನ ಅತ್ತೆ ಅಪೋಸಿಷನ್. ತರುವ ಮೀನು ಬೂತಾಯಿಯೋ ಬಂಗುಡೆಯೋ ಎಂಬುದು ಮೆಜಾರಿಟಿಯಿಂದ ತೀರ್ಮಾನ. ದೀಪ ಹಚ್ಚುವ ಹೊತ್ತಿಗೆ ಅಮ್ಮ ನನ್ನನ್ನು ಕೂಗಿದರೆ ಲಿಲ್ಲಿಬಾಯಿ ಪೇಪರು ಮಡಚಿ, ಸ್ಪೀಕರರಷ್ಟೇ ಗಂಭೀರವಾಗಿ, “ಹೌಸ್ ಅಡ್ಜರ್ನ್ಡ್” ಎನ್ನುತ್ತಿದ್ದರು. ಸಭೆ ಮುಂದೂಡಿದೆ, ಅಂದರೆ ನಾಳೆ ಮತ್ತೆ ಸೇರುತ್ತದೆ. ಆ ಸಂಜೆಗಳಿಗಾಗಿ ಈಗಲೂ ಜೀವ ಹಂಬಲಿಸುತ್ತದೆ.

ವೀಸಾ ಬಂತು, ಲಿಲ್ಲಿಬಾಯಿ ಹೋದರು. ನಾನು ಮಣಿಪಾಲದಲ್ಲಿ ಕಾಲೇಜು ಸೇರಿದೆ. ಒಂದು ದಿನ ಹಾಸ್ಟೆಲಿಗೆ ವಿದೇಶದ ಅಂಚೆಚೀಟಿಯ ಪತ್ರ ಬಂತು. ಇಡೀ ಪುಟ ಇಂಗ್ಲಿಷಿನಲ್ಲಿ. ಅದರ ಸಾರ ಇಷ್ಟು: ಇಲ್ಲಿ ಮನೆಯಲ್ಲಿ ಅಪೋಸಿಷನ್ ಇಲ್ಲ. ಇವರು ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಇಡೀ ದಿನ ಆಡಳಿತ ಪಕ್ಷವೂ ನಾನೇ, ಸಭೆಯೂ ನಾನೇ. ನಮ್ಮ ಹೌಸ್ ಇನ್ನು ಯಾವಾಗ ಸೇರುವುದು?

ನಾನೇನು ಮಾಡಿದೆ ಗೊತ್ತೇ? ಕೆಂಪು ಪೆನ್ನು ತೆಗೆದೆ. ಹನ್ನೊಂದು ತಪ್ಪು ಸಿಕ್ಕವು. ತಿದ್ದಿ, ಅದೇ ಹಾಳೆಯನ್ನು ಲಕೋಟೆಗೆ ಹಾಕಿ ಹಿಂದಿರುಗಿಸಿದೆ. ನನ್ನದೆಂದು ಒಂದು ಮಾತೂ ಬರೆಯಲಿಲ್ಲ. ನಮ್ಮ ಪದ್ಧತಿಯೇ ಹಾಗಿತ್ತಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ತಿದ್ದುವ ಮೊದಲು ರೂಮಿನ ಗೆಳತಿಯರಿಗೆ ಅದನ್ನು ಓದಿಹೇಳಿ ನಗಿಸಿದ್ದೆ.

ಆಮೇಲೆ ಪತ್ರ ಬರಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಅವರ ಅತ್ತೆ ಬೇಲಿಯ ಹತ್ತಿರ ಕೇಳಿದರು: “ಲಿಲ್ಲಿ ನಿನಗೆ ಕಾಗದ ಬರೆದಿದ್ದಳಂತೆ. ನೀನು ಎಂತ ಬರೆದೆ ಮಾರಾಯ್ತಿ?”

ಬಸ್ಸಿಗೆ ಹೊತ್ತಾಯಿತು ಎಂದು ಜಾರಿಕೊಂಡೆ. ನಾನು ಹೊರಡಬೇಕಿದ್ದದ್ದು ಮರುದಿನ. ಆ ಹಾಳೆಯನ್ನಾದರೂ ಇಟ್ಟುಕೊಂಡಿದ್ದರೆ ಈಗ ತೆಗೆದು ಓದಬಹುದಿತ್ತು.

ಲಿಲ್ಲಿಬಾಯಿ ಈಗ ಕಾರ್ಕಳದ ಹತ್ತಿರ, ಕುಕ್ಕುಂದೂರಿನಲ್ಲಿ ಮಗಳ ಜೊತೆ ಇದ್ದಾರೆ. ತಿಳಿದು ವರ್ಷವಾಯಿತು. ನಾನಿರುವ ಉಡುಪಿಯಿಂದ ಬಸ್ಸು ಹತ್ತಿದರೆ ಮುಗಿಯಿತು, ಅಷ್ಟೇ ದೂರ. ಆದರೆ ನಾನು ಕೊಡಬೇಕಾದದ್ದು ಒಂದು ಪತ್ರ.

ಟಿವಿಯಲ್ಲಿ ಸಭೆಯನ್ನು ಮರುದಿನಕ್ಕೆ ಮುಂದೂಡಿದರು. ನಾನು ಟಿವಿ ಆರಿಸಿ ಕಾಗದ ತೆಗೆದುಕೊಂಡೆ. ಇಂಗ್ಲಿಷಿನಲ್ಲೇ ಬರೆದೆ. ಬಾಯಿ, ನನ್ನ ಮನೆಯಲ್ಲೂ ಈಗ ಅಪೋಸಿಷನ್ ಇಲ್ಲ, ಎಂದು ಶುರುಮಾಡಿ, ಹುಂಜದ ವಿಷಯ, ಹಾಸ್ಟೆಲಿನಲ್ಲಿ ನಕ್ಕ ವಿಷಯ, ಎಲ್ಲ ಬರೆದೆ. ಮುಗಿಸಿದ ಮೇಲೆ ಹಳೆಯ ಚಾಳಿಗೆ ತಪ್ಪು ಹುಡುಕಲು ಹೊರಟವಳು ಕೈ ತಡೆದೆ. ಹಾಳೆಯನ್ನು ಹಾಗೆಯೇ ಮಡಚಿ, ಲಕೋಟೆಯೊಳಗೆ ಒಂದು ಕೆಂಪು ಪೆನ್ನನ್ನೂ ಇಟ್ಟೆ.