ಸೆಕ್ಯುರಿಟಿ ಚೈತ್ರಾ

ಅಕ್ಕೂರಿನ ಚೈತ್ರಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಿ.ಎಸ್ಸಿ. ಮುಗಿಸಿ, ಬರೀ ಡಿಗ್ರಿಗೆ ಯಾರೂ ಕೆಲಸ ಕೊಡದೆ, ಕಂಪ್ಯೂಟರ್ ಸೆಕ್ಯುರಿಟಿಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಮೂರು ಸರ್ಟಿಫಿಕೇಟ್ ಸಂಪಾದಿಸಿದವಳು ಅವಳು. ಬಿಡದಿಯ ಸುತ್ತ ಸಾಲುಸಾಲಾಗಿ ಫ್ಯಾಕ್ಟರಿಗಳು ಏಳುತ್ತಿದ್ದ ಆ ಕಾಲದಲ್ಲಿ, ಸೆಕ್ಯುರಿಟಿ ಎಂದರೆ ಊರಿಗೆ ಗೊತ್ತಿದ್ದದ್ದು ಟೋಪಿ ಮತ್ತು ಲಾಠಿ. "ಯಾವ್ ಗೇಟವ್ವಾ ನಿಂದು?" ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಸಾಕು, "ಗೇಟ್ ಕಾಯಾದಲ್ಲ ಕಣಣ್ಣ, ಕಂಪ್ಯೂಟ್ರು ಕಾಯಾದು!" ಎಂದು ಶುರುವಾದ ಪಾಠ ಚನ್ನಪಟ್ಟಣದಲ್ಲಿ ಇಳಿಯುವವರೆಗೂ ನಿಲ್ಲುತ್ತಿರಲಿಲ್ಲ. ಒಂದು ಫ್ಯಾಕ್ಟರಿಯವರಂತೂ ಇಂಟರ್‌ವ್ಯೂಗೆ ಕರೆದು ಅವಳ ಎತ್ತರ ಅಳೆದರು! ಅಲ್ಲಿನ ಮ್ಯಾನೇಜರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಹಣೆಗೇ ಅಂಟಿಸಿದ್ದ. ಅದೂ ಮನೆದೇವರ ಹೆಸರು. ಚೈತ್ರಾ ತರಾಟೆಗೆ ತೆಗೆದುಕೊಂಡರೆ, "ಇಲ್ಲಿರೋರೆಲ್ಲ ನಮ್ಮೋರೇ ಬುಡಮ್ಮ" ಎಂದು ನಕ್ಕ. ಆ ನಗೆಗೆ ಉರಿದುಕೊಂಡೇ ಊರಿಗೆ ಬಂದವಳು, ಸರ್ಟಿಫಿಕೇಟುಗಳನ್ನು ಎದೆಗವಚಿಕೊಂಡು, ಲೋಕವನ್ನೆಲ್ಲ ಬೈಯುತ್ತ, ಚಪ್ಪಲಿ ಕಾಲಲ್ಲೇ ರೇಷ್ಮೆಯ ಹುಳುಮನೆಗೆ ನುಗ್ಗಹೋದಳು. ಒಳಗೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಅಜ್ಜಿ ದೊಡ್ಡಲಕ್ಷ್ಮಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು. "ಅಲ್ಲೇ ನಿಂತ್ಕೊ! ಬ್ಲೀಚಿಂಗ್ ನೀರಲ್ಲಿ ಕಾಲ್ ಅದ್ಕೊಂಡ್ ಬಾ." "ನಾನು ಕಣಜ್ಜೀ!" "ನೀನಾದ್ರೇನು? ಗುರ್ತಿಲ್ದೋರ್ನಂತೂ ನಾನು ಒಳಕ್ ಬುಡಾದೇ ಇಲ್ಲ. ಹುಳಕ್ಕೆ ರೋಗ ಬರಾದು ನಮ್ಮೋರ ಕಾಲಲ್ಲೇ ಕಣವ್ವಾ."