ಮಹಾನಂದಾಳ ಮೂರನೇ ಪಾಲು

ಮಹಾನಂದಾಳ ಸಿಟ್ಟು ಎಂಥದ್ದೆಂದರೆ, ಅವಳು ನವನಗರದಲ್ಲಿ ಹುಬ್ಬು ಗಂಟಿಕ್ಕಿದರೆ ಹುನಗುಂದದಲ್ಲಿ ಹಾಲು ಒಡೆಯುತ್ತಿತ್ತು. ಅವಳು ಪಾಠ ಹೇಳುವ ಕಂಪ್ಯೂಟರ್ ಕ್ಲಾಸಿನಲ್ಲಿ ಫ್ಯಾನು ಕೂಡ ಅವಳ ಮುಖ ನೋಡಿಯೇ ತಿರುಗುತ್ತಿತ್ತಂತೆ.

2009ರ ಒಂದು ಬೆಳಗ್ಗೆ ಇಳಕಲ್ಲಿನಿಂದ ತಮ್ಮ ಮಲ್ಲು ಫೋನು ಮಾಡಿ, ತನ್ನ ಪಾಲಿನ ಸೀರೆ ಡಿಸೈನುಗಳನ್ನು ಅಣ್ಣ ಮುಚ್ಚಿಟ್ಟಿದ್ದಾನೆ ಎಂದ. ಅವನು ಫೋನಿಟ್ಟ ಮೇಲೆ ಅಣ್ಣ ಶ್ರೀಧರ ಫೋನು ಮಾಡಿ, ಅದೇ ದೂರನ್ನು ಮಲ್ಲುವಿನ ಮೇಲೆ ಹೇಳಿದ. ತವರುಮನೆ ಪಾಲಾಗಿದೆಯೆಂದು ಅವಳಿಗೆ ತಿಳಿದದ್ದೇ ಹೀಗೆ.

ಆ ಡಿಸೈನುಗಳನ್ನು ಬಿಡಿಸಿದವಳು ಅವಳು. ಮದುವೆಗೆ ಮುಂಚೆ ವರ್ಷಗಟ್ಟಲೆ ಹಳೇ ಕಂಪ್ಯೂಟರಿನ ಮುಂದೆ ಕುಳಿತು ದಡಿ, ಸೆರಗು ಎಲ್ಲ ಬರೆದಿದ್ದಳು. ಆ ಯಂತ್ರ ಕೈಕೊಟ್ಟಾಗ, ಡಿಸೈನಿನ ಸಾಫ್ಟ್‌ವೇರು ಹೊಸ ವಿಂಡೋಸಿನಲ್ಲಿ ಓಡಲೊಲ್ಲೆನೆಂದಾಗ, ಹಳೆಯ ಹಾರ್ಡ್ ಡಿಸ್ಕನ್ನು ಇಡಿಯಾಗಿ ಒಂದು ಫೈಲು ಮಾಡಿ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಹಳೆಯದನ್ನು ವರ್ಚುವಲ್ ಮಷೀನಾಗಿ ಬದುಕಿಸಿಟ್ಟವಳೂ ಅವಳೇ. ಇಳಕಲ್ಲಿಗೆ ಅವಳು ಹತ್ತಿದ ಬಸ್ಸು ಅವತ್ತು ಡೀಸೆಲ್ಲಿನ ಮೇಲೆ ಓಡಲಿಲ್ಲ, ಅವಳ ಕಾವಿನ ಮೇಲೆ ಓಡಿತು.

ತವರಿನ ಪಡಸಾಲೆಯಲ್ಲಿ ಓಣಿಯ ಹಿರಿಯ ಹನಮಂತಪ್ಪ ಕುಳಿತಿದ್ದ. ಪಾಲು ತಾನೇ ಮಾಡಿಸಿದ್ದೆಂದು ಎದೆಯುಬ್ಬಿಸಿ ಹೇಳಿದ. ಅಣ್ಣ ಭಾಗ ಮಾಡಬೇಕು, ತಮ್ಮ ಮೊದಲು ಆರಿಸಬೇಕು, ಅದು ಪದ್ಧತಿ. ಅದಕ್ಕೆಂದೇ ಶ್ರೀಧರ ಎರಡೂ ಭಾಗಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಮಾಡಿದ್ದ. ಮೊದಲೇ ಸೀಳಿದ್ದ ಮೊರಕ್ಕೆ ಸರಿಸಾಟಿಯಾಗಲೆಂದು ಒಳ್ಳೆಯ ಮೊರವನ್ನೂ ಸೀಳಿದ್ದರು. ಕಂಪ್ಯೂಟರನ್ನು ಸೀಳಲಾಗದೆ ಇಬ್ಬರಿಗೂ ಇರಲೆಂದು ಬಿಟ್ಟು, ಡಿಸ್ಕಿನ ಫೈಲನ್ನು ಮಾತ್ರ ಅಚ್ಚು ಹೊಡೆದಂತೆ ನಕಲು ಮಾಡಿದ್ದರು.

ಮೊದಲನೆಯ ಫೈಲು ತೆರೆಯಿತು. ಎರಡನೆಯದಕ್ಕೆ ವರ್ಚುವಲ್ ಮಷೀನಿನ ಸಾಫ್ಟ್‌ವೇರು, ಇದೇ ಗುರುತಿನ ಡಿಸ್ಕು ಆಗಲೇ ಇದೆ ಎಂದು ಬಾಗಿಲು ಹಾಕಿತು. ಹೆಸರು ಬದಲಿಸಿದರು, ಜಾಗ ಬದಲಿಸಿದರು, ಮಾನಿಟರಿಗೆ ವಿಭೂತಿಯನ್ನೂ ಹಚ್ಚಿದರು. ಕೊನೆಗೆ ತನ್ನ ಪಾಳಿ ಬಂದಾಗ ಒಬ್ಬೊಬ್ಬನೂ ಇನ್ನೊಬ್ಬನ ಡಿಸ್ಕನ್ನು ಸಾಫ್ಟ್‌ವೇರಿನ ಪಟ್ಟಿಯಿಂದ ಕಿತ್ತು ತನ್ನದನ್ನು ಓಡಿಸತೊಡಗಿದ. ಜಗಳ ಹೊತ್ತಿದ್ದು ಅಲ್ಲಿಂದ.

ಮಹಾನಂದಾ ಮಲ್ಲುವಿನ ಕಡೆ ತಿರುಗಿದಳು. “ಸೀರಿ ಮ್ಯಾಲಿನ ಚೀಟಿ ಬದಲಿ ಮಾಡಿದ್ರ ಒಳಗಿನ ಸೆರಗು ಬದಲಿ ಆಗ್ತದೇನಲೇ? ಗುರುತಿನ ನಂಬರು ಫೈಲಿನ ಒಳಗ ಐತಿ. ನಕಲು ಮಾಡಿದ್ರ ಅದೂ ನಕಲು ಆಗ್ತದ. ಭಾಳ ಸಮಾ ಮಾಡೀರಿ, ಅದ ತಪ್ಪು.”

ಸಮ ಮಾಡುವುದೇ ತಪ್ಪೆಂಬ ಮಾತನ್ನು ಹನಮಂತಪ್ಪ ಜನ್ಮದಲ್ಲಿ ಕೇಳಿರಲಿಲ್ಲ. ಒಂದಕ್ಕೆ ಹೊಸ ನಂಬರು ಕೊಟ್ಟರೆ ಸಾಕು ಎಂದು ಅವಳು ಹೇಳಿದ್ದೇ ತಡ, ಹಳೆಯದು ಯಾರಿಗೆ ಎಂದು ಅಣ್ಣತಮ್ಮಂದಿರು ಮತ್ತೆ ಹತ್ತಿಕೊಂಡರು. ಹಿರಿಯ ತಾನೆಂದು ಒಬ್ಬ, ಮೊದಲು ಆರಿಸಿದವನು ತಾನೆಂದು ಇನ್ನೊಬ್ಬ. ಡಿಸೈನು ಬಿಡಿಸಿದವಳ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ.

“ನನ್ನ ಪಾಲು?” ಎಂದಳು.

“ಹೆಣ್ಮಗಳಿಗೆ ಉಡಿ ತುಂಬಿ ಕಳಸ್ತೇವಲ್ಲವ್ವಾ,” ಎಂದ ಹನಮಂತಪ್ಪ.

ಅವಳು ಅವನನ್ನು ನೋಡಿದ ಪರಿಗೆ ಆಚೆ ಓಣಿಯ ಪವರ್‌ಲೂಮುಗಳು ಕರೆಂಟಿದ್ದೂ ನಿಂತವು. ಕೀಬೋರ್ಡು ಎಳೆದುಕೊಂಡಳು. ಮೊದಲು ಮೂಲ ಫೈಲನ್ನು ತನ್ನ ಚೀಲದಲ್ಲಿದ್ದ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಳು. ಆಮೇಲೆ ಎರಡನ್ನೂ ಪಟ್ಟಿಯಿಂದ ಬಿಡಿಸಿ, ಒಂದೊಂದಕ್ಕೂ ಕಮಾಂಡು ಕೊಟ್ಟು ಹೊಸ ನಂಬರು ಒತ್ತಿ, ಬೇರೆಬೇರೆ ವರ್ಚುವಲ್ ಮಷೀನಿಗೆ ಕಟ್ಟಿದಳು. ಎರಡು ಕಿಟಕಿಗಳು ಅಕ್ಕಪಕ್ಕ ತೆರೆದುಕೊಂಡವು. ಶ್ರೀಧರ ನಕ್ಕ.

ಮಲ್ಲುವಿಗೆ ತಡವಾಗಿ ಹೊಳೆಯಿತು. “ಅಕ್ಕಾ, ಇಬ್ಬರಿಗೂ ಹೊಸಾ ನಂಬರ ಆದ್ರ, ಹಳೇದು?”

“ಬರದಾಕಿ ಕಡೆ.” ಅವಳು ಚೀಲದ ಜಿಪ್ಪು ಎಳೆದಳು.

ಅದು ಮನೆಯ ಸೊತ್ತು ಎಂದು ಶ್ರೀಧರನ ದನಿ ಏರಿತು.

“ನಾ ಈ ಮನಿಗೆ ಏನಾಗಬೇಕು, ಅದನ್ನ ಮೊದಲ ಹೇಳಣ್ಣಾ.”

ಅವನು ಹನಮಂತಪ್ಪನನ್ನು ನೋಡಿದ. ಹನಮಂತಪ್ಪ ಜಂತಿ ನೋಡಿದ. ಅಷ್ಟರಲ್ಲಿ ತಾಯಿ ಅಂಬವ್ವ ಅಕ್ಕಿ, ಕೊಬ್ಬರಿ, ಕುಬಸದ ಖಣ ಹಿಡಿದು ಬಂದಳು. ಮಹಾನಂದಾ ಸೆರಗೊಡ್ಡಿದಳು.

“ಹಾಕಬೇ ಯವ್ವಾ. ಉಡಿನೂ ಒಯ್ತೇನಿ, ಪಾಲೂ ಒಯ್ತೇನಿ.”

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಕುಡಿಯದೆ ಮೆಟ್ಟಿಲಿಳಿದಳು. ಆ ಓಣಿಯಲ್ಲಿ ಚಹಾ ಬಿಟ್ಟು ಹೋಗುವುದೆಂದರೆ ದಂಡು ಕಟ್ಟಿ ಯುದ್ಧಕ್ಕೆ ಕರೆದಂತೆ. ಯಾರೂ ಹಿಂದೆ ಬರಲಿಲ್ಲ.